ರವಿವಾರದ ಲೋಬಾನ

ನಮ್ಮ ಮನೆಯ ಕಿಟಕಿಗಳನ್ನು ತೆರೆಯಬೇಕೋ ಮುಚ್ಚಬೇಕೋ ಎಂಬ ವಿಷಯದಲ್ಲಿ ಅವ್ವನಿಗೂ ಆಯಿಗೂ ವಾರದ ಆರು ದಿನ ಜಗಳ. ಆಯಿ ಎಂದರೆ ಅಪ್ಪನ ತಾಯಿ. ಅಜ್ಜ ತೀರಿಕೊಂಡ ಮೇಲೆ ಬಾದಾಮಿ ಕಡೆಯ ಹಳ್ಳಿಯಿಂದ ಒಂದು ಟ್ರಂಕು, ಒಂದು ಬೀಸುಕಲ್ಲು ಸಮೇತ ಸಿಕಂದರಾಬಾದಿಗೆ ಬಂದವಳು. ಅವಳ ಪ್ರಕಾರ ಗಾಳಿಯಾಡದ ಮನೆ ಮನೆಯಲ್ಲ, ಕಾಳು ತುಂಬುವ ಹಗೇವು. ಅವ್ವನ ಪ್ರಕಾರ ಆ ಕಿಟಕಿಗಳಿಂದ ಒಳಗೆ ಬರುತ್ತಿದ್ದುದು ಗಾಳಿಯೇ ಅಲ್ಲ. ಸ್ಟೇಷನ್ನಿಗೆ ಹೋಗುವ ದೊಡ್ಡ ರಸ್ತೆಯ ಮೇಲೆ, ಮೊದಲ ಮಹಡಿಯಲ್ಲಿ ನಮ್ಮ ಬಾಡಿಗೆ ಮನೆ. ಕೆಳಗೆ ಆಟೋ ಸ್ಟ್ಯಾಂಡು, ಎದುರಿಗೆ ಬಸ್ಸುಗಳು ಹೊರಳುವ ಮೂಲೆ. ಬೆಳಿಗ್ಗೆ ಆಟೋದವರು ಒಬ್ಬೊಬ್ಬರಾಗಿ ಹಿಡಿಕೆ ಎಳೆದು ಎಂಜಿನ್ ಎಬ್ಬಿಸುವಾಗ ಪೆಟ್ರೋಲಿನ ಜೊತೆ ಅದಕ್ಕೆ ಬೆರೆಸಿದ ಸೀಮೆಎಣ್ಣೆಯ ವಾಸನೆ ಸೀದಾ ನಮ್ಮ ನಡುಮನೆಗೆ ಬರುತ್ತಿತ್ತು. ಅವ್ವ ಒದ್ದೆ ಬಟ್ಟೆಯಿಂದ ಕಿಟಕಿಯ ಕಟ್ಟೆ ಒರೆಸಿ, ಆ ಬಟ್ಟೆಯನ್ನು ತಂದು ಅತ್ತೆಯ ಮುಂದೆ ಹಿಡಿಯುತ್ತಿದ್ದಳು.

"ಅತ್ತೀ, ಇಲ್ನೋಡ್ರಿ. ಮುಂಜಾನೆ ಒರೆಸಿದ್ದೆ, ಮಧ್ಯಾಹ್ನಕ್ಕ ಮತ್ತ ಹಿಂಗ. ಇದ ನೋಡ್ರಿ ನಿಮ್ಮ ಗಾಳಿ."

"ಅರಬಿ ಕರ್‍ರಗ ಆದ್ರ ಒಗಿಯಾಕ ಬರತೈತಿ. ಕೂಸಿಗೆ ಉಸಿರ ಬ್ಯಾಡೇನ?" ಎಂದು ಆಯಿ ಎದ್ದು ಹೋಗಿ ಮತ್ತೆ ಕಿಟಕಿ ತೆರೆಯುತ್ತಿದ್ದಳು.

ಮೂರು ಕೋಣೆಗಳ ಆ ಮನೆಯನ್ನು ನೆನೆದರೆ ಈಗಲೂ ನನ್ನ ಮನಸ್ಸು ಮೆತ್ತಗಾಗುತ್ತದೆ. ರಸ್ತೆಗೆ ಮುಖ ಮಾಡಿದ ಕೋಣೆಯಲ್ಲಿ ಅಪ್ಪನ ಕುರ್ಚಿ. ಅಪ್ಪ ಸರ್ಕಾರಿ ಕಾರ್ಖಾನೆಯೊಂದರಲ್ಲಿ ಫಿಟ್ಟರ್. ಸಂಜೆ ಬಂದು ಬೂಟು ಬಿಚ್ಚಿ ಆ ಕುರ್ಚಿಯಲ್ಲಿ ಕೂತರೆ ಅತ್ತೆ ಸೊಸೆಯರ ಯಾವ ಮಾತೂ ಅವನ ಕಿವಿಗೆ ಬೀಳುತ್ತಿರಲಿಲ್ಲ. ಇದು ಅವನು ಬೆವರು ಸುರಿಸಿ ಕಲಿತ ವಿದ್ಯೆ. ನಡುಮನೆಯಲ್ಲಿ ನಾವೆಲ್ಲ ಸಾಲಾಗಿ ಮಲಗುತ್ತಿದ್ದೆವು. ಹಿಂದಿನದು ಅಡುಗೆಮನೆ. ಅಲ್ಲಿ ಗ್ಯಾಸಿನ ಒಲೆಯ ಮುಂದೆ ಮಣೆ ಹಾಕಿಕೊಂಡು ಕೂತು ಆಯಿ ರೊಟ್ಟಿ ಬಡಿಯುವ ಸದ್ದಿಗೇ ನನಗೆ ಎಚ್ಚರವಾಗುತ್ತಿತ್ತು. ಬಿಸಿ ರೊಟ್ಟಿ, ಶೇಂಗಾ ಹಿಂಡಿ, ಕೆನೆ ಮೊಸರು. ಮೂಲೆಯ ಸಂತೆಯಲ್ಲಿ ಸಿಕ್ಕ ದಿನ ಪುಂಡಿಪಲ್ಯ. ಊರಿನಲ್ಲಿ ಯಾರೂ ದುಡ್ಡು ಕೊಟ್ಟು ಕೊಳ್ಳದ ಈ ಹುಳಿಸೊಪ್ಪನ್ನು ಇಲ್ಲಿಯ ತೆಲುಗು ಹೆಂಗಸರು ಮುಗಿಬಿದ್ದು ಕೊಳ್ಳುವುದನ್ನು ಕಂಡು, ಈ ಊರಿನ ಮಂದಿ ಶ್ಯಾಣ್ಯಾರದಾರ ಎಂದು ಆಯಿ ಹೈದರಾಬಾದಿಗೆ ಅಂದೇ ಪ್ರಶಸ್ತಿ ಕೊಟ್ಟುಬಿಟ್ಟಿದ್ದಳು. ಅವ್ವ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್. ದಿನವಿಡೀ ಕಿವಿಗೆ ಯಂತ್ರ ಹಚ್ಚಿಕೊಂಡು ತೆಲುಗು, ಹಿಂದಿ, ಇಂಗ್ಲಿಷಿನಲ್ಲಿ ನಯವಾಗಿ ಮಾತಾಡಿ ಬರುತ್ತಿದ್ದ ಅವಳು, ಮನೆಯ ಮೆಟ್ಟಿಲು ಹತ್ತುವಷ್ಟರಲ್ಲಿ ಆ ನಯವನ್ನೆಲ್ಲ ಕೆಳಗೇ ಬಿಟ್ಟು ಬರುತ್ತಿದ್ದಳು. ಅವಳಿಗೆ ರವಿವಾರವೂ ಒಮ್ಮೊಮ್ಮೆ ಡ್ಯೂಟಿ ಬೀಳುತ್ತಿತ್ತು.

ಕಿಟಕಿ ಜಗಳಕ್ಕೆ ರವಿವಾರ ಮಾತ್ರ ರಜೆ. ಅಂದು ಆಯಿ ತಾನಾಗಿಯೇ ಎಲ್ಲ ಕಿಟಕಿಗಳನ್ನೂ ಮುಚ್ಚಿ, ಸಂದುಗಳಿಗೆ ಹಳೆಯ ಸೀರೆಯ ತುಂಡು ತುರುಕುತ್ತಿದ್ದಳು. ಅವತ್ತು ನನಗೂ ತಂಗಿ ಸುಮಿಗೂ ಎಣ್ಣೆಸ್ನಾನ. ಕೊಬ್ಬರಿ ಎಣ್ಣೆಯನ್ನು ಅಂಗೈಯಲ್ಲಿ ಬಿಸಿ ಮಾಡಿ ತಿಕ್ಕುವಾಗ ಅವಳ ಬೆಳ್ಳಿ ಕಡಗ ನಮ್ಮ ಬೆನ್ನಿಗೆ ಬಡಿಯುತ್ತಿತ್ತು. ಸುಡುಸುಡು ನೀರು, ಸೀಗೇಕಾಯಿ, ಕಣ್ಣುರಿ, ಅಳು, ಬೈಗುಳ. ಅದೆಲ್ಲ ಮುಗಿದ ಮೇಲೆ ಬರುತ್ತಿತ್ತು ನಾನು ವಾರವಿಡೀ ಕಾಯುತ್ತಿದ್ದ ಗಳಿಗೆ. ಕೆಳಗಿನ ಇಸ್ತ್ರಿಯವನಿಂದ ಆಯಿ ನಿಗಿನಿಗಿ ಕೆಂಡ ಇಸಿದುಕೊಂಡು ಬಂದು ಮಣ್ಣಿನ ಅಗ್ಗಿಷ್ಟಿಕೆಯಲ್ಲಿ ಹಾಕಿ, ಮೇಲೆ ಲೋಬಾನದ, ಅಂದರೆ ಸಾಂಬ್ರಾಣಿಯ, ಪುಡಿಯನ್ನೂ ಒಂದು ಚಿಟಿಕೆ ಅಜವಾನವನ್ನೂ ಉದುರಿಸುತ್ತಿದ್ದಳು. ಬಿಳಿ ಹೊಗೆ ಮೆಲ್ಲಗೆ ಏಳುತ್ತಿತ್ತು. ಅದರ ಮೇಲೆ ಬಿದಿರು ಬುಟ್ಟಿ ಬೋರಲು ಹಾಕಿ, ನಮ್ಮನ್ನು ಪಕ್ಕದಲ್ಲಿ ಮಲಗಿಸಿ, ಒದ್ದೆ ಕೂದಲನ್ನು ಬುಟ್ಟಿಯ ಮೇಲೆ ಹರಡುತ್ತಿದ್ದಳು. ಕೂದಲೊಳಗೆ ಬೆರಳಾಡಿಸುತ್ತ ಊರಿನ ಸುದ್ದಿ ಹೇಳುತ್ತಿದ್ದಳು. ಆ ಬೆಚ್ಚನೆಯ ಕೋಣೆಯಲ್ಲಿ, ಆ ವಾಸನೆಯಲ್ಲಿ, ಜಗತ್ತಿನಲ್ಲಿ ನನಗೆ ಕೆಟ್ಟದ್ದೇನೂ ಆಗಲಾರದು ಅನಿಸುತ್ತಿತ್ತು. ಈಗಲೂ ಯಾರದಾದರೂ ಮನೆಯಲ್ಲಿ ಲೋಬಾನದ ವಾಸನೆ ಬಂದರೆ ನನ್ನ ಕಾಲು ತಾನಾಗಿಯೇ ನಿಲ್ಲುತ್ತದೆ. ಸುಖವೋ ಸಂಕಟವೋ ಇಷ್ಟು ವರ್ಷವಾದರೂ ಬಗೆಹರಿದಿಲ್ಲ.

ಆ ಹೊಗೆ ಆಯಿಗೆ ಬರೀ ಹೊಗೆಯಾಗಿರಲಿಲ್ಲ. ಊರಿನಲ್ಲಿ ಅವಳು ಬಾಣಂತಿಯರಿಗೂ ಕೂಸುಗಳಿಗೂ ನೀರು ಹಾಕುವವಳು. ಹೊರಸಿನ ಕೆಳಗೆ ಕೆಂಡ ಇಟ್ಟು, ಹಸಿ ಬಾಣಂತಿಗೆ ಹೊಗೆ ಕೊಟ್ಟು, ಕೂಸನ್ನು ಆ ಹೊಗೆಯಲ್ಲಿ ಮೂರು ಸಲ ಇಳಿಸಿ ತೆಗೆದರೆ ಥಂಡಿ ಹತ್ತುವುದಿಲ್ಲ ಎನ್ನುವುದು ಅವಳ ನಂಬಿಕೆ. ಹಾಗೆ ಎಷ್ಟು ಕೂಸುಗಳನ್ನು ತನ್ನ ಕೈಯಿಂದ ದಾಟಿಸಿದ್ದಳೋ! ಹೈದರಾಬಾದಿನಲ್ಲಿ ಅವಳನ್ನು ಯಾರೂ ಯಾವುದಕ್ಕೂ ಕರೆಯುತ್ತಿರಲಿಲ್ಲ. ಭಾಷೆ ಬಾರದ ಊರಿನಲ್ಲಿ ಅವಳ ಅಷ್ಟೂ ವಿದ್ಯೆ ರವಿವಾರದ ಆ ಒಂದು ತಾಸಿನಲ್ಲಿ ಉಳಿದಿತ್ತು. ಚಿಕ್ಕವಳಾದರೂ ನನಗೆ ಅದು ಗೊತ್ತಿತ್ತು.

ಸುಮಿ ನನಗಿಂತ ಐದು ವರ್ಷ ಚಿಕ್ಕವಳು. ಅವಳ ಉಸಿರಿಗೆ ಸದ್ದಿತ್ತು. ಮೊದಮೊದಲು ನೆಗಡಿ ಎಂದರು, ಆಮೇಲೆ ಕಫ ಎಂದರು, ಕಡೆಗೆ ಎಲ್ಲರೂ ದಮ್ಮು ಎಂದರು. ಶಾಲೆಯಲ್ಲಿ ಮಕ್ಕಳು ಓಡಿದರೆ ಅವಳು ಕಂಬ ಹಿಡಿದು ನಿಲ್ಲುತ್ತಿದ್ದಳು. ನಕ್ಕರೆ ಕೆಮ್ಮು, ಅತ್ತರೆ ಕೆಮ್ಮು. ದಮ್ಮು ಬಂದಾಗ ಎರಡೂ ಕೈ ನೆಲಕ್ಕೂರಿ ಕೂತು, ಕೊರಳಿನ ಗುಳಿ ಒಳಗೆ ಎಳೆದುಕೊಳ್ಳುವಂತೆ ಉಸಿರಾಡುತ್ತಿದ್ದಳು. ನಾನು ಅವಳ ಬೆನ್ನಿಗೆ ಕಿವಿಯಿಟ್ಟು ಕೇಳುತ್ತಿದ್ದೆ. ಒಳಗೆ ಯಾರೋ ಸಣ್ಣ ಸೀಟಿ ಊದುತ್ತಿದ್ದರು. ಅವ್ವ ರಸ್ತೆಯನ್ನು ಬೈದಳು. ಕಾರ್ಖಾನೆಯ ಕ್ವಾರ್ಟರ್ಸಿಗೆ ಹೋಗೋಣ, ಅಲ್ಲಿ ಗಿಡಮರ ಇವೆ ಎಂದು ಅಪ್ಪನಿಗೆ ಗಂಟುಬಿದ್ದಳು. ಅಪ್ಪನ ಸರದಿ ಇನ್ನೂ ಬಂದಿರಲಿಲ್ಲ. ಆಯಿ ಮಾತ್ರ ಎಲ್ಲಕ್ಕೂ ಥಂಡಿಯೇ ಕಾರಣ ಎಂದು ರವಿವಾರ ಸುಮಿಯ ಬುಟ್ಟಿಗೆ ಇನ್ನೊಂದು ಹಿಡಿ ಲೋಬಾನ ಹೆಚ್ಚು ಹಾಕಿದಳು. ಅವ್ವ ಬೇಡ ಎನ್ನಲಿಲ್ಲ. ರಸ್ತೆಯ ಹೊಗೆಯನ್ನು ಒದ್ದೆ ಬಟ್ಟೆಯಲ್ಲಿ ಹಿಡಿದು ತೋರಿಸುತ್ತಿದ್ದ ಅವ್ವನಿಗೂ ಲೋಬಾನ ಎಂದರೆ ಔಷಧವೇ.

ಬೇಗಂಪೇಟೆಯಲ್ಲಿ ಮನೆಯ ಮುಂದಿನ ಕೋಣೆಯಲ್ಲೇ ದವಾಖಾನೆ ಇಟ್ಟುಕೊಂಡಿದ್ದ ಒಬ್ಬ ಮಕ್ಕಳ ಡಾಕ್ಟರು ಒಳ್ಳೆಯವರೆಂದು ಯಾರೋ ಹೇಳಿದರು. ಅವ್ವನಿಗೆ ಬೆಳಗಿನ ಡ್ಯೂಟಿ, ಅಪ್ಪನಿಗೆ ರಜೆ ಇಲ್ಲ. ಹಾಗಾಗಿ ಆಯಿ ಸುಮಿಯನ್ನು ಎತ್ತಿಕೊಂಡಳು, ನಾನು ಜೊತೆಗೆ ಹೊರಟೆ, ಮಾತಾಡುವುದಕ್ಕೆ. ಹತ್ತು ವರ್ಷದ ನನಗೆ ಅದೊಂದು ದೊಡ್ಡ ಹುದ್ದೆ. ರೇಷನ್ ಅಂಗಡಿ, ಸುಲ್ತಾನ್ ಬಜಾರಿನ ಬಟ್ಟೆ ಅಂಗಡಿ, ಎಲ್ಲಿ ಹೋದರೂ ಆಯಿಯ ಕನ್ನಡವನ್ನು ಹಿಂದಿಗೆ, ಅವರ ಹಿಂದಿಯನ್ನು ಆಯಿಯ ಕನ್ನಡಕ್ಕೆ ದಾಟಿಸುವವಳು ನಾನೇ. ಅದರಲ್ಲಿ ನನಗೆ ಬಹಳ ಜಂಬ. ಡಾಕ್ಟರು ವಯಸ್ಸಾದವರು, ದಪ್ಪ ಕನ್ನಡಕ. ಸುಮಿಯ ಎದೆಗೆ ಕೊಳವೆ ಹಚ್ಚಿ ಕೇಳಿ, ಮನೆ ಎಲ್ಲಿದೆ ಎಂದು ವಿಚಾರಿಸಿದರು. ರಸ್ತೆಯ ಹೆಸರು ಹೇಳಿದೊಡನೆ ತಲೆಯಾಡಿಸಿದರು. ಆಮೇಲೆ ನನ್ನ ಕಡೆ ತಿರುಗಿ ಕೇಳಿದರು.

"ಘರ್ ಮೇ ಕುಛ್ ಜಲಾತೇ ಕ್ಯಾ? ಲಕಡಿ, ಕೋಯ್ಲಾ, ಅಗರಬತ್ತಿ, ಲೋಬಾನ್?"

ಮನೆಯಲ್ಲಿ ಕಟ್ಟಿಗೆ, ಇದ್ದಿಲು, ಲೋಬಾನ ಏನಾದರೂ ಸುಡುತ್ತೀರಾ ಎಂದು ಅವರು ಕೇಳಿದ್ದು ನನಗೆ ಸರಿಯಾಗಿ ತಿಳಿಯಿತು. ಕೇಳಿದ ಅವರ ಮುಖದಲ್ಲಿ ಅದು ತಪ್ಪೆಂಬ ಗುರುತೂ ಇತ್ತು. ಆಯಿಯನ್ನು ನೋಡಿದೆ. ಅವಳು ಇಳಕಲ್ಲ ಸೀರೆಯ ಸೆರಗಿನಿಂದ ಸುಮಿಯ ಮೂಗು ಒರೆಸುತ್ತಿದ್ದಳು. ಇದು ನಿನ್ನದೇ ಕೆಲಸ ಎಂದು ಈ ಪರವೂರಿನ ದೊಡ್ಡ ಮನುಷ್ಯರ ಮುಂದೆ ಅವಳಿಗೆ ಹೇಳುವುದೇ? ನನ್ನ ನಾಲಿಗೆ ತಾನಾಗಿಯೇ ಒಂದು ಸಣ್ಣ ದಾರಿ ಹುಡುಕಿಕೊಂಡಿತು.

"ಆಯಿ, ಕಟಗಿ ಒಲಿ ಮ್ಯಾಲೆ ಅಡಗಿ ಮಾಡ್ತೀರೇನು ಅಂತ ಕೇಳಾಕತ್ತಾರ."

ಆಯಿ ಒಂದು ಗಳಿಗೆ ನನ್ನ ಮುಖ ನೋಡಿದಳು. "ಇಲ್ಲವ್ವಾ, ನಮ್ಮನ್ಯಾಗ ಗ್ಯಾಸ್ ಐತಿ ಅಂತ ಹೇಳು" ಎಂದಳು.

ಹೇಳಿದೆ. ಒಂದು ಮಾತೂ ಸುಳ್ಳಲ್ಲ, ಆದರೂ ಪೂರಾ ಸುಳ್ಳು. ಡಾಕ್ಟರು ಬರೆದುಕೊಂಡು, ಹಾಗಾದರೆ ಇದು ರಸ್ತೆಯದೇ ಹೊಗೆ ಎಂದು ಔಷಧ ಕೊಟ್ಟರು. ಹಿಂದಿರುಗುವಾಗ ಆಯಿ ನನಗೆ ಪೇರಲ ಹಣ್ಣು ಕೊಡಿಸಿದಳು. ಅದನ್ನು ತಿನ್ನಲು ಮನಸ್ಸಾಗದೆ ಸುಮಿಗೆ ಕೊಟ್ಟೆ.

ಔಷಧದಿಂದ ಗುಣ ಕಂಡಿತು, ಆದರೆ ಪೂರ್ತಿ ಅಲ್ಲ. ಬುಧವಾರ, ಗುರುವಾರ ಸುಮಿ ಮೆಟ್ಟಿಲನ್ನು ತಾನೇ ಹತ್ತುತ್ತಿದ್ದಳು. ರವಿವಾರ ಮಧ್ಯಾಹ್ನ ಸೀಟಿ ಶುರು, ಸೋಮವಾರ ಶಾಲೆಗೆ ರಜೆ. ದೊಡ್ಡವರು ಯಾರೂ ಇದನ್ನು ಗಮನಿಸಲಿಲ್ಲ. ಗಮನಿಸಲು ಅವರಿಗೆ ಕಾರಣವೂ ಇರಲಿಲ್ಲ. ಕಾರಣ ನನ್ನೊಬ್ಬಳ ಹೊಟ್ಟೆಯಲ್ಲಿತ್ತು. ಹೇಳಬೇಕೆಂದು ಎಷ್ಟೋ ಸಲ ಅವ್ವನ ಹತ್ತಿರ ಹೋಗಿ ನಿಂತೆ. ಹೇಳಿದರೆ ಅವ್ವನಿಗೆ ಆಯಿಯ ಮೇಲೆ ಎತ್ತಿ ಆಡಲು ಜೀವಮಾನಕ್ಕಾಗುವಷ್ಟು ಸಿಗುತ್ತದೆ. ರವಿವಾರದ ಆ ತಾಸು ನಿಂತುಹೋಗುತ್ತದೆ. ಆಯಿ ಊರಿಗೆ ಹೋಗಿಬಿಟ್ಟರೆ? ಹೀಗೆ ಲೆಕ್ಕ ಹಾಕುತ್ತ ಸುಮ್ಮನಾದೆ. ನನಗೆ ಬೇಕಾಗಿದ್ದ ಸುಖಕ್ಕಾಗಿ ತಂಗಿಯ ಉಸಿರನ್ನು ಪಣಕ್ಕಿಟ್ಟಿದ್ದೆ.

ಸುಮಿ ಈಗಲೂ ಇದೇ ಊರಿನಲ್ಲಿದ್ದಾಳೆ. ಎರಡು ಮಹಡಿ ಹತ್ತಿದರೆ ನಡುವೆ ನಿಂತು, ಯಾರಿಗೋ ಫೋನ್ ಮಾಡುವವಳಂತೆ ನಟಿಸಿ ಸುಧಾರಿಸಿಕೊಳ್ಳುತ್ತಾಳೆ. ಎಳವೆಯಲ್ಲಿ ಬೆಳೆಯಬೇಕಾದಷ್ಟು ಬೆಳೆಯದ ಎದೆ ಆಮೇಲೆ ಬೆಳೆಯಲಿಲ್ಲ ಎಂದು ಅವಳ ಡಾಕ್ಟರು ಹೇಳುತ್ತಾರೆ. ಅವಳ ಮಗನ ಶಾಲೆಯ ಚೀಲದಲ್ಲಿ ಟಿಫಿನ್ ಡಬ್ಬಿಯ ಪಕ್ಕದಲ್ಲೇ ದಮ್ಮಿನ ಪಂಪು ಇರುತ್ತದೆ. ಅವನ ತರಗತಿಯಲ್ಲಿ ಇನ್ನೂ ಕೆಲವರ ಚೀಲದಲ್ಲಿದೆಯಂತೆ. ನಮ್ಮ ಹಳೆಯ ಮನೆ ಈಗಿಲ್ಲ, ಆ ಜಾಗದಲ್ಲಿ ಅಂಗಡಿಗಳ ಕಟ್ಟಡ ಎದ್ದಿದೆ. ಆಟೋಗಳು ಗ್ಯಾಸಿನಲ್ಲಿ ಓಡುತ್ತವೆ, ಆದರೆ ಆಗ ಒಂದಿದ್ದ ಕಡೆ ಈಗ ಲೆಕ್ಕವಿಲ್ಲದಷ್ಟು ಗಾಡಿಗಳು. ಚಳಿಗಾಲದ ಬೆಳಿಗ್ಗೆ ಶಾಲೆಯ ವ್ಯಾನಿಗೆ ಕಾಯುತ್ತ ರಸ್ತೆಯಂಚಿನಲ್ಲಿ ನಿಂತ ಮಕ್ಕಳನ್ನು ನೋಡಿದರೆ, ಅವರ ಮೂಗು ಸರಿಯಾಗಿ ಗಾಡಿಗಳ ಹೊಗೆಕೊಳವೆಯ ಎತ್ತರಕ್ಕೇ ಇರುವುದು ಕಾಣುತ್ತದೆ.

ನನಗೆ ಹತ್ತು ವರ್ಷವಿದ್ದಾಗ, ನಾವು ಮತ್ತೆ ಆ ಡಾಕ್ಟರ ಹತ್ತಿರ ಓಡಿದ ದಿನವೂ ಚಳಿಗಾಲದ ರವಿವಾರವೇ. ಹೊರಗೆ ಮಂಜೂ ಹೊಗೆಯೂ ಒಂದಾಗಿ ರಸ್ತೆಯ ಮೇಲೆ ಹಾಸಿಕೊಂಡಿತ್ತು. ಅವ್ವ ಡ್ಯೂಟಿಗೆ ಹೋಗಿದ್ದಳು, ಅಪ್ಪ ಯಾರದೋ ಗೃಹಪ್ರವೇಶಕ್ಕೆ. ಥಂಡಿ ಹೆಚ್ಚಿದೆ ಎಂದು ಆಯಿ ಕಿಟಕಿಯ ಸಂದುಗಳಿಗೆ ಎರಡೆರಡು ಸುತ್ತು ಬಟ್ಟೆ ತುರುಕಿದ್ದಳು. ನನ್ನದಾಯಿತು, ಸುಮಿಯ ಸರದಿ ಬಂತು. ಬುಟ್ಟಿಯ ಪಕ್ಕ ಮಲಗಿ ಸ್ವಲ್ಪ ಹೊತ್ತಾಗಿರಬೇಕು, ಎದ್ದು ಕೂತಳು.

"ಅಕ್ಕಾ, ಕಿಡಕಿ ತಗಿ."

"ತಲಿ ಹಸಿ ಐತಿ ನನ್ನವ್ವಾ, ಇನ್ನೊಂದೀಟ ಮಕ್ಕೊ" ಎಂದಳು ಆಯಿ.

"ಅಕ್ಕಾ" ಎಂದಳು ಸುಮಿ ಮತ್ತೆ. ಕಿಡಕಿ ಎನ್ನುವಷ್ಟು ಉಸಿರು ಅವಳಲ್ಲಿ ಉಳಿದಿರಲಿಲ್ಲ. ತುಟಿಯ ಬಣ್ಣ ತಿರುಗುತ್ತಿತ್ತು. ನಾನು ಓಡಿಹೋಗಿ ಬಟ್ಟೆ ಕಿತ್ತು ಕಿಟಕಿ ತೆರೆದೆ. ತೆರೆದ ಕಿಟಕಿಯಿಂದ ಒಳಗೆ ಬಂದದ್ದೂ ಹೊಗೆಯೇ. ಮಗುವನ್ನು ಯಾವ ಕಡೆ ತಿರುಗಿಸಬೇಕೋ ತಿಳಿಯದೆ ಆಯಿ ಒಮ್ಮೆ ಕಿಟಕಿಯ ಕಡೆ, ಒಮ್ಮೆ ಬಾಗಿಲ ಕಡೆ ಹೊರಳಿದಳು. ನಾನು ಕಿಟಕಿಯಿಂದಲೇ ಕೂಗಿದೆ. ಸ್ಟ್ಯಾಂಡಿನಲ್ಲಿದ್ದ ಆಟೋದ ಮೌಲಾ ಚಾಚಾ ಮೇಲೆ ಬಂದವರೇ ಮಗುವನ್ನು ಎತ್ತಿಕೊಂಡು ಇಳಿದರು. ದಾರಿಯುದ್ದಕ್ಕೂ ಅವರ ಆಟೋ ಕರಿಯ ಹೊಗೆ ಕಾರುತ್ತಿತ್ತು. ಅವರು ಹಿಂದೆ ತಿರುಗಿ ತಿರುಗಿ ಸುಮಿಯ ಮುಖ ನೋಡುತ್ತ, ಹಾರನ್ ಹೊಡೆಯುತ್ತ ಓಡಿಸಿದರು. ಆಯಿ ತನ್ನ ಸೆರಗನ್ನು ಮಡಿಸಿ ಸುಮಿಯ ಮೂಗಿನ ಮುಂದೆ ಹಿಡಿದಿದ್ದಳು. ಸತ್ತುಹೋದರೆ ನಾನೇ ಕೊಂದಂತೆ ಎಂದು ಆ ಆಟೋದಲ್ಲಿ ನನಗೆ ಅನಿಸಿದ್ದು ಇಂದಿಗೂ ಮರೆತಿಲ್ಲ.

ಡಾಕ್ಟರು ಇಂಜೆಕ್ಷನ್ ಕೊಟ್ಟು, ಮೂಗಿಗೆ ಆಕ್ಸಿಜನ್ ಹಚ್ಚಿದರು. ಸುಮಿಯ ಒದ್ದೆ ಕೂದಲಿನ ಹತ್ತಿರ ಬಾಗಿ ಮೂಸಿ ನೋಡಿ, ತಲೆಯೆತ್ತಿ ನನ್ನನ್ನು ನೋಡಿದರು. ಅವರು ಕೇಳುವ ಮೊದಲೇ ನಾನು ಹೇಳಿಬಿಟ್ಟೆ, ಅಳುತ್ತ, ಹಿಂದಿಯಲ್ಲಿ. ಪ್ರತಿ ರವಿವಾರ ಲೋಬಾನ ಹಾಕುತ್ತಾರೆ, ಕಿಟಕಿ ಮುಚ್ಚಿ ಹಾಕುತ್ತಾರೆ, ಹಿಂದಿನ ಸಲ ನಾನು ಹೇಳಲಿಲ್ಲ ಎಂದು. ಅವರು ಬೈಯಲಿಲ್ಲ. ಮಕ್ಕಳ ಉಸಿರಿನ ನಾಳ ಬಹಳ ಸಣ್ಣದು, ಅವರು ನಮಗಿಂತ ಜೋರಾಗಿ ಉಸಿರಾಡುತ್ತಾರೆ, ನಮಗಿಂತ ಹೆಚ್ಚು ಹೊಗೆ ಒಳಗೆ ಹೋಗುತ್ತದೆ, ಈ ಮಗುವಿಗೆ ಹೊರಗೂ ಒಳಗೂ ಎಲ್ಲಿಯೂ ಬಿಡುವಿಲ್ಲ ಎಂದರು. ನಿನ್ನ ಅಜ್ಜಿಗೆ ಹೇಳು ಎಂದರು.

ನಾನು ಹೇಳುವ ಮೊದಲೇ ಆಯಿ ನನ್ನ ತೋಳು ಹಿಡಿದಳು. "ನನ್ನಿಂದ ಆತೇನು ಇದು? ಕೇಳು ಅವರನ್ನ."

ಕೇಳಿದೆ. ಡಾಕ್ಟರು "ಇಸ್ ಸೇ ಭೀ" ಎಂದರು. ಇದರಿಂದಲೂ ಎಂದು.

"ರಸ್ತಾದ ಹೊಗಿಂದಂತ ಆಯಿ, ನಿನ್ನಿಂದ ಅಲ್ಲಂತ" ಎಂದೆ. "ಆದ್ರ ಇನ್ನ ಮ್ಯಾಲೆ ಮನ್ಯಾಗ ಲೋಬಾನ ಬ್ಯಾಡಂತ."

ಅವಳು ತಲೆಯಾಡಿಸಿದಳು. ಸುಮಿಯ ಉಸಿರು ಹದಕ್ಕೆ ಬರುವವರೆಗೆ ಹೊರಗೆ ಕೂರಿ ಎಂದು ನಮ್ಮನ್ನು ಕಳಿಸಿದರು. ಪರದೆಯ ಈಚೆ ಬೆಂಚಿನ ಮೇಲೆ ಇಬ್ಬರೂ ಕೂತೆವು. ಆಯಿಯ ಸೀರೆಯಿಂದ, ನನ್ನ ಕೂದಲಿನಿಂದ ಲೋಬಾನದ ವಾಸನೆ ಬರುತ್ತಿತ್ತು. ಅವಳು ತನ್ನ ಅಂಗೈಗಳನ್ನೇ ನೋಡುತ್ತ ಕೂತಿದ್ದಳು.

"ಹ್ವಾದ ಸಲ ಬಂದಾಗ ಡಾಕ್ಟರು ಲೋಬಾನ ಅಂದಿದ್ರು" ಎಂದಳು. "ನಮ್ಮೂರಾಗೂ ಅದಕ್ಕ ಲೋಬಾನನ ಅಂತಾರ. ನನಗ ಕೇಳಿಸಿತ್ತು. ನೀ ಅದನ್ನ ಬಿಟ್ಟು ಕೇಳಿದಿ. ನಾನೂ ಬಿಟ್ಟೆ."

ನಾನು ಅವಳ ಪಕ್ಕಕ್ಕೆ ಸರಿದೆ.

"ನೀ ಸಣ್ಣಾಕಿ, ಗಿರಿಜಾ. ನಾ ಸಣ್ಣಾಕಿ ಅಲ್ಲ."

ಎದ್ದು ನಿಂತು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ನಾನೂ ಎದ್ದೆ, ಅವಳ ಜೊತೆ ಹೋಗಿ ಮಾತಾಡುವುದು ನನ್ನ ಕೆಲಸವಲ್ಲವೇ? "ನೀ ಕುಂದರು" ಎಂದು ಪರದೆ ಸರಿಸಿ ಒಳಗೆ ಹೋದಳು. ಆರು ವರ್ಷ ಈ ಊರಿನಲ್ಲಿದ್ದೂ ತರಕಾರಿಯವನ ಜೊತೆ ಕೈಸನ್ನೆಯಲ್ಲೇ ಮುಗಿಸುತ್ತಿದ್ದ ಆಯಿಯ ಹಿಂದಿ ನನಗೆ ಮೊದಲ ಸಲ ಕೇಳಿಸಿತು.

"ಡಾಕ್ಟರ್ ಸಾಬ್, ಬಚ್ಚೀಕು ಕ್ಯಾ ಕ್ಯಾ ನಕ್ಕೋ? ಮೇರೇಕು ಬೋಲೋ."

ಮಗುವಿಗೆ ಏನೇನು ಬೇಡ, ನನಗೇ ಹೇಳಿ ಎಂದು. ಡಾಕ್ಟರು ನಿಧಾನವಾಗಿ ಒಂದೊಂದೇ ಹೇಳಿದರು. ಅವಳು ಒಂದೊಂದನ್ನೂ ಅವರ ಹಿಂದಿನಿಂದ, ಶಾಲೆಯ ಮಗುವಿನ ಹಾಗೆ ಗಟ್ಟಿಯಾಗಿ ಹೇಳಿದಳು. ಸುಬಹ್ ಕಿಡಕಿ ನಕ್ಕೋ. ಕೋಯ್ಲಾ ನಕ್ಕೋ. ಅಗರಬತ್ತಿ ನಕ್ಕೋ. ನಾಲ್ಕನೆಯದಕ್ಕೆ ಬಂದಾಗ ಅವಳ ದನಿ ನಿಂತುಹೋಯಿತು. ನಾನು ಎದ್ದು ಪರದೆಯವರೆಗೂ ಹೋದೆ, ಒಳಗೆ ಹೋಗಲಿಲ್ಲ. ಆಚೆ ಆಯಿ ಕಿಡಕಿ ನಕ್ಕೋ ಎನ್ನುವಲ್ಲಿಂದ ಮತ್ತೆ ಶುರುಮಾಡಿ, ಈ ಸಲ ನಾಲ್ಕನ್ನೂ ಹೇಳಿದಳು.